ಕೃಷಿ ಹೊಂಡದಲ್ಲಿ ಸಿಕ್ಕ ‘ಚಂದ್ರನ ಕಲ್ಲು’: ಒಂದು ಪ್ರಕರಣ

2025ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕಳಸಾಪುರದ ಕಡೆಯ ಗೌಡ್ರೊಬ್ಬರು ಹಾಸನದ ನಮ್ಮ ಮನೆಗೆ ಬಂದರು. ಜೊತೆಗೆ ಅವರ ಮಗಳು. ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದಾಳೆ. ಗೌಡ್ರ ಕೈಯಲ್ಲಿ ಬಟ್ಟೆಯ ಬ್ಯಾಗು, ಅದರೊಳಗೆ ಹಳೇ ಟವೆಲ್ಲು, ಟವೆಲ್ಲಿನೊಳಗೆ ಒಂದು ಕಲ್ಲು. ಮೇಜಿನ ಮೇಲೆ ಅದನ್ನು ಇಡುವಾಗ ಎರಡೂ ಕೈ ಕೊಟ್ಟು, ಮೊಟ್ಟೆ ಇಟ್ಟ ಹಾಗೆ ಇಟ್ಟರು.

“ಮೇಷ್ಟ್ರೇ, ಇದು ಚಂದ್ರನ ಕಲ್ಲಂತೆ. ಹೌದಾ ಅಲ್ವಾ ನೀವು ಹೇಳ್ಬೇಕು” ಅಂದರು.

ನಾನು ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಕಲ್ಲು ತಂದು ತೋರಿಸುವವರು ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ. ಆದರೆ ಈ ಕಲ್ಲಿನ ಹಿಂದೆ ದುಡ್ಡಿನ ಮಾತಿತ್ತು. ಹಾಗಾಗಿ ಸುಮ್ನೆ ಕಣ್ಣಲ್ಲಿ ನೋಡಿ ಕಳಿಸಲು ಮನಸ್ಸಾಗಲಿಲ್ಲ.

ನಡೆದದ್ದು ಇಷ್ಟು. ಗೌಡ್ರು ತೋಟದಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದರು. ಜೆಸಿಬಿ ಎಂಟು ಅಡಿ ಇಳಿದಾಗ ಈ ಕಲ್ಲು ಮೇಲೆ ಬಂತು. ಕಪ್ಪು ಬಣ್ಣ, ಮೈತುಂಬ ಸಣ್ಣ ಸಣ್ಣ ತೂತು, ಗಾತ್ರಕ್ಕೆ ಮೀರಿದ ತೂಕ. ನೆಂಟರ ಹುಡುಗನೊಬ್ಬ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದ. ಮೂರೇ ದಿನಕ್ಕೆ ಒಬ್ಬ ಮಧ್ಯವರ್ತಿ ಬಂದ. ಒಂದು ಚೂರು ಒಡೆದುಕೊಂಡು ಹೋಗಿ ಎಲ್ಲೋ ಟೆಸ್ಟ್ ಮಾಡಿಸಿ, ಒಂದು ಹಾಳೆಯ ರಿಪೋರ್ಟು ತಂದ. “ಅಪೊಲೊ ತಂದ ಕಲ್ಲಿಗೂ ಇದಕ್ಕೂ ಮ್ಯಾಚ್ ಆಗ್ತದೆ. ಹೊರದೇಶದ ಪಾರ್ಟಿ ಇದೆ. ಸರ್ಟಿಫಿಕೇಟ್ ಮಾಡಿಸೋಕೆ ಮೊದಲು 60,000 ಕಟ್ಟಿ” ಅಂದನಂತೆ. ಹಾಸನದಲ್ಲೇ ಇಸ್ರೋ ಇದೆ, ಅವರೂ ತಗೊಳ್ತಾರೆ ಅಂತ ಬೇರೆ ಸೇರಿಸಿದ್ದ. (ಅಪೊಲೊ ಅಂದರೆ ಮನುಷ್ಯರನ್ನು ಚಂದ್ರನಿಗೆ ಕಳಿಸಿದ ಅಮೆರಿಕದ ಯಾನಗಳು.) ಹೊಂಡಕ್ಕೆ ಅಂತ ತೆಗೆದ ಸಾಲದ ದುಡ್ಡು ಗೌಡ್ರ ಹತ್ತಿರ ಇತ್ತು. ಕೊಡಬೇಡಿ, ಮೊದಲು ಯಾರನ್ನಾದರೂ ಕೇಳೋಣ ಅಂತ ತಡೆದವಳು ಮಗಳು.

ಇಸ್ರೋ ಮಾತನ್ನು ಅಲ್ಲೇ ಮುಗಿಸಿದೆ. ಹಾಸನದಲ್ಲಿರುವುದು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಭೂಮಿಯ ಜೊತೆಜೊತೆಗೇ ಸುತ್ತುವ, ಟಿವಿ ಮತ್ತು ಹವಾಮಾನದ ಕೆಲಸದ ಉಪಗ್ರಹಗಳನ್ನು ಅದು ನೋಡಿಕೊಳ್ಳುತ್ತದೆ. ಕಲ್ಲು ಕೊಳ್ಳುವ ಜಾಗ ಅದಲ್ಲ. ಚಂದ್ರಯಾನ-3 ಕೂಡ ಕಲ್ಲು ತಂದಿಲ್ಲ. 2023ರ ಆಗಸ್ಟ್ 23ಕ್ಕೆ ಇಳಿಯಿತು, ಪ್ರಜ್ಞಾನ್ ರೋವರ್ ಸುಮಾರು ನೂರು ಮೀಟರ್ ಓಡಾಡಿತು, 23 ಕಡೆ ಮಣ್ಣನ್ನು ಅಳೆಯಿತು. ಇಲ್ಲಿಗೆ ಬಂದದ್ದು ಆ ಅಳತೆ ಮಾತ್ರ.

ಇನ್ನು ಕಲ್ಲಿನ ವಿಚಾರ. ಚಂದ್ರನ ಕಲ್ಲು ನಮ್ಮೂರಲ್ಲಿ ಸಿಗಲು ಸಾಧ್ಯವೇ ಇಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಚಂದ್ರನಿಗೆ ದೊಡ್ಡ ಬಂಡೆ ಬಡಿದಾಗ ಅಲ್ಲಿನ ಚೂರುಗಳು ಸಿಡಿದು ಭೂಮಿಗೆ ಬೀಳುವುದುಂಟು. ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಒಂದು ಸಣ್ಣ ಉಲ್ಕಾಶಿಲೆ ಚಂದ್ರನದೇ ಅಂತ 1982ರಲ್ಲಿ ಗೊತ್ತಾಯಿತು. ಆಮೇಲೆ ಅಂಥವು ನೂರಾರು ಸಿಕ್ಕಿವೆ, ಹೆಚ್ಚಿನವು ಮರುಭೂಮಿಯಲ್ಲಿ. ಆದ್ದರಿಂದ ಗೌಡ್ರ ಪ್ರಶ್ನೆ ನ್ಯಾಯವಾದದ್ದೇ. ಕಾರಣ ಕೊಡದೆ ನಾನು “ಅಲ್ಲ” ಅಂದರೆ, ಕಾರಣ ಕೊಡದೆ “ಹೌದು” ಅಂದ ಆ ಮಧ್ಯವರ್ತಿಗೂ ನನಗೂ ಏನು ವ್ಯತ್ಯಾಸ?

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿಂದ ಶುರು ಮಾಡಿದೆವು. ತೂಕ 1,770 ಗ್ರಾಂ. ನೀರು ತುಂಬಿದ ಬಕೆಟ್ಟಿಗೆ ಇಳಿಸಿದಾಗ 600 ಮಿಲಿ ನೀರು ಹೊರಚೆಲ್ಲಿತು. ಅಂದರೆ ಒಂದು ಘನ ಸೆಂಟಿಮೀಟರಿಗೆ 2.95 ಗ್ರಾಂ. ಚಂದ್ರನ ಲಾವಾ ಕಲ್ಲುಗಳು ಸಾಮಾನ್ಯವಾಗಿ ಇದಕ್ಕಿಂತ ಭಾರ, 3.1ರಿಂದ ಮೇಲೆ. ಆದರೆ ತೂತಿರುವ ಕಲ್ಲಿಗೆ ಈ ಲೆಕ್ಕ ಏರುಪೇರಾಗುತ್ತದೆ. ದಾರಕ್ಕೆ ಕಟ್ಟಿದ ಅಯಸ್ಕಾಂತ ಸ್ವಲ್ಪವೇ ವಾಲಿತು. ಚಂದ್ರನ ಬಸಾಲ್ಟಿಗೂ, ಅಂದರೆ ಲಾವಾ ಗಟ್ಟಿಯಾಗಿ ಆದ ಕಪ್ಪು ಕಲ್ಲಿಗೂ, ಹಾಗೇ ವಾಲುತ್ತದೆ. ಉಲ್ಕೆಗೆ ವಾತಾವರಣದಲ್ಲಿ ಸುಟ್ಟು ಕರಗಿದ ತೆಳು ಕರಿ ಪೊರೆ ಇರುತ್ತದೆ, ಇದಕ್ಕೆ ಇರಲಿಲ್ಲ. ಅದನ್ನು ನೋಡಿ ಮೊದಲ ದಿನ ನಾನು “ಪೊರೆ ಇಲ್ಲ, ಉಲ್ಕೆ ಅಲ್ಲ” ಅಂದುಬಿಟ್ಟೆ. ಅದು ಆತುರದ ಮಾತು. ಮಣ್ಣಲ್ಲಿ ಸಾವಿರಾರು ವರ್ಷ ಬಿದ್ದಿದ್ದರೆ ಪೊರೆ ಸವೆದುಹೋಗುತ್ತದೆ. ಹಾಗಾಗಿ ಆ ಮಾತನ್ನು ವಾಪಸ್ ತಗೊಂಡೆ.

ತೂತುಗಳ ಬಗ್ಗೆ ಮಧ್ಯವರ್ತಿ ತುಂಬ ಹೇಳಿದ್ದನಂತೆ, ‘ಚಂದ್ರನ ಮೇಲಿನ ಗುಳಿಗಳ ಥರಾನೇ’ ಅಂತ. ಗುಳಿಗೂ ಈ ತೂತಿಗೂ ಸಂಬಂಧವೇ ಇಲ್ಲ. ಗುಳಿ ಆಗುವುದು ಹೊರಗಿಂದ ಬಡಿದ ಕಲ್ಲಿನಿಂದ. ತೂತು ಆಗುವುದು ಒಳಗಿನ ಗಾಳಿಯಿಂದ. ದೋಸೆ ಹಿಟ್ಟು ಕಾವಲಿಯ ಮೇಲೆ ಬಿದ್ದಾಗ ಗುಳ್ಳೆ ಎದ್ದು ಒಡೆದು ಕಣ್ಣು ಕಣ್ಣಾಗುತ್ತದಲ್ವಾ, ಲಾವಾ ಗಟ್ಟಿಯಾಗುವಾಗಲೂ ಹಾಗೇ. ಚಂದ್ರನ ಲಾವಾದಲ್ಲೂ ಇಂಥ ತೂತುಗಳಿವೆ. ಅಪೊಲೊ 15 ತಂದ ಒಂದು ಕಲ್ಲಂತೂ ಬ್ರೆಡ್ಡಿನ ಹಾಗೆ ಕಾಣುತ್ತದೆ. ಅಲ್ಲಿ ಗುಳ್ಳೆ ಎಬ್ಬಿಸಿದ್ದು ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್. ನಮ್ಮಲ್ಲಾದರೆ ಹೆಚ್ಚಾಗಿ ನೀರಿನ ಹಬೆ.

ಗೌಡ್ರ ಕಲ್ಲಿನ ತೂತುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಮೇಲ್ಮೈಯಲ್ಲಿದ್ದವು ಖಾಲಿ. ಆದರೆ ಒಡೆದ ಮೈಯಲ್ಲಿ ಒಳಗಿನ ತೂತುಗಳು ಖಾಲಿ ಇರಲಿಲ್ಲ. ಒಂದೊಂದರಲ್ಲೂ ಅಕ್ಕಿ ಕಾಳಿನಷ್ಟು ಬಿಳಿ ತುಂಬಿತ್ತು. ಅದರ ಮೇಲೆ ದುರ್ಬಲ ಆ್ಯಸಿಡ್ಡಿನ ಒಂದು ಹನಿ ಬಿಟ್ಟೆ. ಚುಯ್ ಅಂತ ನೊರೆ ಬಂತು. ಸುಣ್ಣದ ಅಂಶದ ಕ್ಯಾಲ್ಸೈಟ್. ಕೆಲವು ಕಾಳು ನೊರೆ ಬಿಡಲಿಲ್ಲ, ಅವು ಬೆಣಚು. ಲಾವಾ ಆರಿದ ಮೇಲೆ ಯಾವಾಗಲೋ ಬಿಸಿನೀರು ಈ ಕಲ್ಲಿನ ಗುಳ್ಳೆಗಳೊಳಗೆ ಹರಿದಿದೆ, ಕರಗಿಸಿಕೊಂಡು ಬಂದದ್ದನ್ನು ಅಲ್ಲಿ ಬಿಟ್ಟಿದೆ. ಮೇಲ್ಮೈಯಲ್ಲಿದ್ದ ಕ್ಯಾಲ್ಸೈಟ್ ಆಮೇಲೆ ಮಳೆನೀರಿಗೆ ಕರಗಿ ಹೋಗಿದೆ, ತೂತು ಉಳಿದಿದೆ.

ಇದೊಂದೇ ಸಾಕಾ? ಸಾಲದು. ಮರುಭೂಮಿಯಲ್ಲಿ ಸಿಕ್ಕ ಚಂದ್ರನ ಉಲ್ಕೆಗಳ ಬಿರುಕಲ್ಲೂ ಇಲ್ಲಿಗೆ ಬಂದಮೇಲೆ ಕ್ಯಾಲ್ಸೈಟ್ ಸೇರಿಕೊಂಡಿರುತ್ತದೆ. ಆದ್ದರಿಂದ ಕಲ್ಲಿನ ಒಳಗಿನ ಖನಿಜಗಳನ್ನೇ ಕೇಳಬೇಕಿತ್ತು.

ಅಷ್ಟರಲ್ಲಿ ಹುಡುಗಿ ಆ ರಿಪೋರ್ಟು ತೆಗೆದು ಮುಂದಿಟ್ಟಳು. ನನಗೆ ಈ ಪ್ರಕರಣದಲ್ಲಿ ಮರೆಯಲಾಗದ್ದು ಆ ಹಾಳೆ. ಮಧ್ಯವರ್ತಿ ತನ್ನ ಸಾಕ್ಷಿ ಅಂತ ತಂದದ್ದರಲ್ಲೇ ಉತ್ತರ ಇತ್ತು. ಸಿಲಿಕಾ 49.6 ಶೇಕಡಾ. ಕಬ್ಬಿಣದ ಆಕ್ಸೈಡ್ 12.1. ಟೈಟಾನಿಯಂ ಆಕ್ಸೈಡ್ 0.9. ಸೋಡಿಯಂ ಆಕ್ಸೈಡ್ 2.4. ಕೊನೆಯ ಸಾಲಿನಲ್ಲಿ ಎಲ್‌ಒಐ, ಅಂದರೆ ಕಾಯಿಸಿದಾಗ ಇಳಿಯುವ ತೂಕ, 3.4. ಆತ ಸಿಲಿಕಾದ ಸಾಲಿಗೆ ಮಾತ್ರ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದ. ಸಿಲಿಕಾ ಹೆಚ್ಚುಕಡಿಮೆ ಹೊಂದುವುದು ನಿಜ. ಬಸಾಲ್ಟ್ ಅಂದ ಮೇಲೆ ಅದು ಎಲ್ಲಿಯದಾದರೂ ಹೆಚ್ಚಾಗಿ ಅಷ್ಟರ ಸುತ್ತಮುತ್ತಲೇ ಇರುತ್ತದೆ.

ಉಳಿದ ಸಾಲುಗಳನ್ನು ಓದೋಣ. ಅಪೊಲೊ 12 ತಂದ ಬಸಾಲ್ಟಿನಲ್ಲಿ ಕಬ್ಬಿಣದ ಆಕ್ಸೈಡ್ ಸುಮಾರು 20 ಶೇಕಡಾ. ಇಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸೋಡಿಯಂ ಅಲ್ಲಿ 0.2ರಿಂದ 0.3. ಇಲ್ಲಿ 2.4, ಅಂದರೆ ಎಂಟರಿಂದ ಹನ್ನೆರಡು ಪಟ್ಟು. ಚಂದ್ರನಲ್ಲಿ ಸೋಡಿಯಂ, ಪೊಟ್ಯಾಶಿಯಂ ಯಾಕೆ ಇಷ್ಟು ಕಡಿಮೆ ಅನ್ನುವುದಕ್ಕೆ ಚಂದ್ರ ಹುಟ್ಟಿದ ಕಥೆಗೇ ಹೋಗಬೇಕು.

ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: “ಸಾರ್, ಉಲ್ಕೆ ಎಲ್ಲಿಂದ ಬಂತು ಅಂತ ಆಕ್ಸಿಜನ್ ಐಸೊಟೋಪ್ ನೋಡಿ ಹೇಳ್ತಾರಲ್ವಾ? ಅದನ್ನೇ ಮಾಡಿಸಿದ್ರೆ ಆಗಲ್ವಾ?” ಐಸೊಟೋಪ್ ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಮಂಗಳದ ಕಲ್ಲಾಗಿದ್ದರೆ ಆಗುತ್ತಿತ್ತು. ಚಂದ್ರನದ್ದಕ್ಕೆ ಆಗುವುದಿಲ್ಲ. ಭೂಮಿ, ಚಂದ್ರ ಎರಡರ ಆಕ್ಸಿಜನ್ ಬಹುತೇಕ ಒಂದೇ ಥರ. ಒಂದೇ ಮನೆಯ ಮಕ್ಕಳ ಹಾಗೆ. ಸುಮಾರು 450 ಕೋಟಿ ವರ್ಷದ ಹಿಂದೆ ಮಂಗಳದಷ್ಟು ದೊಡ್ಡ ಗ್ರಹವೊಂದು ಎಳೆಯ ಭೂಮಿಗೆ ಗುದ್ದಿತು, ಸಿಡಿದದ್ದು ಸೇರಿ ಚಂದ್ರ ಆಯಿತು ಅನ್ನುವುದು ಇವತ್ತು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಆ ಕಾವಿನಲ್ಲಿ ಬೇಗ ಆವಿಯಾಗುವ ವಸ್ತುಗಳು ಹೆಚ್ಚಿನಂಶ ಹಾರಿಹೋದವು. ನೀರು ಹೋಯಿತು, ಸೋಡಿಯಂ ಹೋಯಿತು, ಪೊಟ್ಯಾಶಿಯಂ ಹೋಯಿತು. ಆ ಬಡತನ ಚಂದ್ರನ ಪ್ರತಿಯೊಂದು ಲಾವಾ ಕಲ್ಲಿನಲ್ಲೂ ಉಳಿದಿದೆ. ಗೌಡ್ರ ಕಲ್ಲಿನಲ್ಲಿ ಇಲ್ಲ.

ಚಂದ್ರನಲ್ಲಿ ಮೊಲ ಕಾಣುತ್ತದಲ್ಲ, ಆ ಮೊಲವೇ ಲಾವಾ ಅಂತ ಗೌಡ್ರಿಗೆ ಹೇಳಿದೆ. ಅವರು ನಂಬಲಿಲ್ಲ. ಆಮೇಲೆ ಬಿಡಿಸಿ ಹೇಳಿದೆ. ಹುಟ್ಟಿದಾಗ ಚಂದ್ರನ ಮೈ ನೂರಾರು ಕಿಲೋಮೀಟರ್ ಆಳದವರೆಗೆ ಕರಗಿದ ಕಲ್ಲಿನ ಸಮುದ್ರ. ಅದು ಆರುತ್ತಾ ಬಂದ ಹಾಗೆ ಭಾರದ ಆಲಿವಿನ್, ಪೈರಾಕ್ಸೀನ್ ಹರಳುಗಳು ಕೆಳಗಿಳಿದವು. ಹಗುರವಾದ ಬಿಳಿ ಪ್ಲೇಜಿಯೊಕ್ಲೇಸ್, ಮಜ್ಜಿಗೆ ಕಡೆದಾಗ ಬೆಣ್ಣೆ ಬರುವ ಹಾಗೆ ಮೇಲೆ ತೇಲಿತು. ಅದೇ ಗಟ್ಟಿಯಾಗಿ ಚಂದ್ರನ ಬಿಳಿ ಮೈ ಆಯಿತು. ಆ ಶಿಲೆಯ ಹೆಸರು ಅನಾರ್ಥೊಸೈಟ್. ದಕ್ಷಿಣ ಧ್ರುವದ ಕಡೆ ಪ್ರಜ್ಞಾನ್ ಅಳೆದ ಮಣ್ಣೂ ಮುಖ್ಯವಾಗಿ ಇದೇ. 2024ರ ಆಗಸ್ಟ್‌ನಲ್ಲಿ ಆ ಫಲಿತಾಂಶ ಪ್ರಕಟವಾದಾಗ, ಕರಗಿದ ಸಮುದ್ರದ ಲೆಕ್ಕಕ್ಕೆ ಇನ್ನೊಂದು ಬಲವಾದ ಆಧಾರ ಸಿಕ್ಕಿತು.

ಎಲ್ಲಾ ಗಟ್ಟಿಯಾಗಿ ಕೊನೆಗೆ ಉಳಿದ ರಸದಲ್ಲಿ ಯಾವ ಹರಳಿಗೂ ಬೇಡವಾದದ್ದೆಲ್ಲ ಸೇರಿತು: ಪೊಟ್ಯಾಶಿಯಂ, ವಿರಳ ಧಾತುಗಳು, ರಂಜಕ, ಜೊತೆಗೆ ಯುರೇನಿಯಂ, ಥೋರಿಯಂ. ವಿಜ್ಞಾನಿಗಳು ಇದಕ್ಕೆ ‘ಕ್ರೀಪ್’ ಅಂತ ಹೆಸರಿಟ್ಟಿದ್ದಾರೆ. ಟೈಟಾನಿಯಂ ತುಂಬಿದ ಇಲ್ಮೆನೈಟ್ ಪದರವೂ ಇದರ ಸ್ವಲ್ಪ ಮೊದಲು ಗಟ್ಟಿಯಾದದ್ದು. ಆ ಪದರ ಭಾರ, ಅದರ ಕೆಳಗಿದ್ದದ್ದು ಹಗುರ. ಹಾಗಾಗಿ ಅದು ನಿಧಾನಕ್ಕೆ ಕೆಳಗೆ ಮುಳುಗಿತು, ಒಳಗೆಲ್ಲ ಕಲಸಿಹೋಯಿತು.

ಕೋಟಿಗಟ್ಟಲೆ ವರ್ಷ ಕಳೆದ ಮೇಲೆ, ವಿಕಿರಣದ ಕಾವಿನಿಂದ ನೂರರಿಂದ ಐನೂರು ಕಿಲೋಮೀಟರ್ ಆಳದಲ್ಲಿ ಈ ಪದರಗಳು ಅಲ್ಲಲ್ಲಿ ಮತ್ತೆ ಕರಗಿದವು. ಕರಗಿದ್ದು ಬಿರುಕು ಹಿಡಿದು ಮೇಲೆ ಬಂದು, ದೊಡ್ಡ ಹೊಡೆತಗಳಿಂದ ಆಗಿದ್ದ ತಗ್ಗುಗಳನ್ನು ತುಂಬಿತು. ಆ ಲಾವಾ ನಮ್ಮದರ ಹಾಗೆ ಮಂದವಲ್ಲ, ಇಂಜಿನ್ ಆಯಿಲ್‌ನಷ್ಟು ತೆಳು. ಕೆಲವು ಹರಿವುಗಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿವೆ. ಮೇಲ್ಮೈಯ ಸುಮಾರು 17 ಶೇಕಡಾ ಜಾಗ ಅದು ಆವರಿಸಿದೆ, ಅದರಲ್ಲಿ ಹೆಚ್ಚಿನದು ನಮಗೆ ಕಾಣುವ ಮುಖದಲ್ಲೇ. ಅದಕ್ಕೇ ನಮಗೆ ಮೊಲ ಕಾಣುವುದು.

ಯಾವ ಪದರ ಕರಗಿತು ಅನ್ನುವುದರ ಮೇಲೆ ಲಾವಾದ ಗುಣ. ಅಪೊಲೊ 11, 17 ಇಳಿದ ಕಡೆ ಇಲ್ಮೆನೈಟ್ ಬೆರೆತದ್ದು ಕರಗಿತ್ತು. ಅಲ್ಲಿನ ಕಲ್ಲಲ್ಲಿ ಟೈಟಾನಿಯಂ ಆಕ್ಸೈಡ್ 9ರಿಂದ 13 ಶೇಕಡಾ. ಭೂಮಿಯ ಬಸಾಲ್ಟಿನಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ಮೂರು. ಅಪೊಲೊ 11ರ ಕಲ್ಲಿನಲ್ಲಿ ಹೊಸದೊಂದು ಟೈಟಾನಿಯಂ ಖನಿಜ ಸಿಕ್ಕಿತು. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರ ಹೆಸರಿನ ಅಕ್ಷರ ಸೇರಿಸಿ ಅದಕ್ಕೆ ‘ಆರ್ಮಾಲ್ಕೊಲೈಟ್’ ಅಂದರು. ಅಪೊಲೊ 12, 15ರ ಕಲ್ಲುಗಳಲ್ಲಿ ಟೈಟಾನಿಯಂ ಕಡಿಮೆ. ಆದರೆ ಕಬ್ಬಿಣ ಹೇರಳ, ನೀರು ಸೋಡಿಯಂ ಬಡತನ ಅನ್ನುವುದು ಎರಡೂ ಜಾತಿಗೆ ಒಂದೇ.

ಈಗ ರಿಪೋರ್ಟಿನ ಕೊನೆಯ ಸಾಲು. ಎಲ್‌ಒಐ ಅಂದರೆ ಕಲ್ಲಿನ ಪುಡಿಯನ್ನು ಸುಮಾರು ಸಾವಿರ ಡಿಗ್ರಿಗೆ ಕಾಯಿಸಿದಾಗ ಕಡಿಮೆಯಾಗುವ ತೂಕ. ನೀರು, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುವುದರಿಂದ ತೂಕ ಇಳಿಯುತ್ತದೆ. ಗೌಡ್ರ ಕಲ್ಲು 3.4 ಶೇಕಡಾ ಇಳಿದಿತ್ತು. ಅಪೊಲೊ ತಂದ ಲಾವಾ ಕಲ್ಲನ್ನು ಗಾಳಿಯಲ್ಲಿ ಹೀಗೆ ಕಾಯಿಸಿದರೆ ತೂಕ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ! ಹಾರಿಹೋಗಲು ಅದರಲ್ಲಿ ಏನೂ ಇಲ್ಲ. ಬದಲಿಗೆ ಅದರ ಕಬ್ಬಿಣ ಗಾಳಿಯಿಂದ ಆಕ್ಸಿಜನ್ ಹೀರಿಕೊಳ್ಳುತ್ತದೆ. ಚಂದ್ರನ ಬಸಾಲ್ಟಿನಲ್ಲಿ ತುಕ್ಕು ಹಿಡಿಯದ ಲೋಹದ ಕಬ್ಬಿಣವೇ ಸಣ್ಣ ಸಣ್ಣ ಕಣವಾಗಿ ಇರುತ್ತದೆ. 350 ಕೋಟಿ ವರ್ಷ ತುಕ್ಕು ಹಿಡಿಯದ ಕಬ್ಬಿಣ. ಮಲೆನಾಡಿನ ಪಕ್ಕದಲ್ಲೇ ಇರುವ ನಮಗೆ, ಒಂದು ಮಳೆಗಾಲಕ್ಕೆ ಕತ್ತಿ ಗುದ್ದಲಿ ಕೆಂಪಾಗುವುದನ್ನು ಕಂಡವರಿಗೆ, ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಸಂಖ್ಯೆ ಹೇಳಿದರೆ ಗೌಡ್ರಿಗೆ ಸಮಾಧಾನ ಆಗಲಿಲ್ಲ. ಕಣ್ಣಿಗೆ ಕಾಣಬೇಕಿತ್ತು. ಪರಿಚಯದವರ ಲ್ಯಾಬಿಗೆ ಹೋದೆವು. ಕಲ್ಲಿನ ಬಿಳಿ ಇಲ್ಲದ ಜಾಗದಿಂದ ಒಂದು ಚೂರು ಕುಟ್ಟಿ ಪುಡಿ ಮಾಡಿದೆವು. ಹೊರಗಿನ ತೇವ ಲೆಕ್ಕಕ್ಕೆ ಬರಬಾರದು ಅಂತ ಒಂದು ರಾತ್ರಿ 110 ಡಿಗ್ರಿಯಲ್ಲಿ ಒಣಗಿಸಿದೆವು. ಮಾರನೇ ದಿನ ಆ ಒಣ ಪುಡಿಯನ್ನು ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಹಾಕಿ ತಳವನ್ನು ಜೋರು ಉರಿಗೆ ಹಿಡಿದೆ. ಮೊದಲು ಏನೂ ಆಗಲಿಲ್ಲ. ಗೌಡ್ರು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ತಳ ಕೆಂಪಗಾದ ಮೇಲೆ, ಮೇಲಿನ ತಣ್ಣನೆಯ ಕಡೆ ಗಾಜು ಮಬ್ಬಾಯಿತು. ಮಬ್ಬು ಸೇರಿ ಸಣ್ಣ ಸಣ್ಣ ಮಣಿಗಳಾದವು. ಒಂದು ಮಣಿ ಇನ್ನೊಂದಕ್ಕೆ ತಾಗಿ ಕೆಳಗೆ ಜಾರಿತು.

“ನೀರು!” ಅಂದರು ಗೌಡ್ರು. “ಕಲ್ಲೊಳಗಿಂದ ನೀರು ಬಂತಲ್ರೀ!”

ಮಗಳು ಬಿಡಲಿಲ್ಲ. “ಚಂದ್ರನಲ್ಲೂ ನೀರಿದೆ ಅಂತ ಚಂದ್ರಯಾನ-1 ತೋರಿಸ್ತಲ್ವಾ ಸಾರ್?” ನಿಜ. 2009ರಲ್ಲಿ ಬಂದ ಆ ಸುದ್ದಿ ಮೇಲ್ಮೈಯ ಮಣ್ಣಿಗೆ ತೆಳುವಾಗಿ ಅಂಟಿದ ನೀರಿನ ಅಂಶದ್ದು. ಸೂರ್ಯನಿಂದ ಬರುವ ಹೈಡ್ರೋಜನ್ ಅಲ್ಲಿನ ಆಕ್ಸಿಜನ್ ಜೊತೆ ಸೇರಿ ಅದು ಆಗುತ್ತದೆ. ಲಾವಾದೊಳಗಿನ ನೀರಿನ ಕಥೆ ಬೇರೆ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಹ್ಯಾರಿಸನ್ ಶ್ಮಿಟ್ ಅವರಿಗೆ ಒಂದು ಗುಳಿಯ ಅಂಚಲ್ಲಿ ಕಿತ್ತಳೆ ಬಣ್ಣದ ಮಣ್ಣು ಕಂಡಿತು. ಚಂದ್ರನ ಮೇಲೆ ಕಾಲಿಟ್ಟ ಭೂವಿಜ್ಞಾನಿ ಅವರೊಬ್ಬರೇ. ಆ ಮಣ್ಣು ಮಣ್ಣಲ್ಲ. ಲಾವಾ ಕಾರಂಜಿಯಾಗಿ ಚಿಮ್ಮಿ, ಹನಿ ಹನಿಯಾಗಿ ಆರಿದ ಗಾಜಿನ ಗೋಲಿಗಳು. ಇಂಥ ಗೋಲಿಗಳಲ್ಲಿ ನೀರಿನ ಅಂಶ ಇದೆ ಅಂತ 2008ರಲ್ಲಿ ಗೊತ್ತಾಯಿತು. ಎಷ್ಟು? ಹತ್ತು ಲಕ್ಷ ಭಾಗದಲ್ಲಿ ಹೆಚ್ಚೆಂದರೆ 46 ಭಾಗ. ಗೋಲಿಯ ಹರಳುಗಳೊಳಗೆ ಸಿಕ್ಕಿಬಿದ್ದ ರಸದಲ್ಲಿ ಆಮೇಲೆ ಸಾವಿರದಷ್ಟು ಕಂಡಿತು. ಚಂದ್ರ ಪೂರ್ತಿ ಒಣ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು, ಒಳ್ಳೆಯದೇ ಆಯಿತು. ಆದರೆ ನಮ್ಮ ಕೊಳವೆಯಲ್ಲಿ ನೀರು ಬಿಟ್ಟ ಖನಿಜ ಕ್ಲೋರೈಟ್. ಅದರ ತೂಕದಲ್ಲಿ ಸುಮಾರು 12 ಶೇಕಡಾ ನೀರೇ. ಹತ್ತು ಲಕ್ಷಕ್ಕೆ 1,20,000.

ಅದು ಕ್ಲೋರೈಟ್ ಅಂತ ಸೂಕ್ಷ್ಮದರ್ಶಕ ಹೇಳಿತು. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ತೇಯ್ದು ಗಾಜಿಗೆ ಅಂಟಿಸಿದರೆ ಬೆಳಕು ಹಾಯುತ್ತದೆ. ಚಂದ್ರನ ಬಸಾಲ್ಟ್ ಹಾಗೆ ನೋಡಿದರೆ ನಿನ್ನೆ ಆರಿದ ಲಾವಾದಷ್ಟು ಸ್ವಚ್ಛ. ಪೈರಾಕ್ಸೀನ್ ಹರಳು ಒಡೆದಿಲ್ಲ, ಪ್ಲೇಜಿಯೊಕ್ಲೇಸ್ ಮಬ್ಬಾಗಿಲ್ಲ, ನಡುವೆ ಇಲ್ಮೆನೈಟಿನ ಕರಿ ಪಟ್ಟಿಗಳು. ಗೌಡ್ರ ಕಲ್ಲು ಹಸಿರೋ ಹಸಿರು. ಪೈರಾಕ್ಸೀನ್ ಇದ್ದ ಜಾಗದಲ್ಲಿ ಆಕ್ಟಿನೊಲೈಟಿನ ಹಸಿರು ಸೂಜಿಗಳು, ಅವುಗಳ ಸಂದಿಯಲ್ಲಿ ಕ್ಲೋರೈಟ್, ಪ್ಲೇಜಿಯೊಕ್ಲೇಸ್ ಇದ್ದ ಕಡೆ ಎಪಿಡೋಟಿನ ಕಾಳುಗಳು. ಈ ಮೂರೂ ನೀರಿಲ್ಲದೆ ಆಗುವ ಖನಿಜಗಳಲ್ಲ. ಬಿರುಕಲ್ಲಿ ನಿನ್ನೆ ಮೊನ್ನೆ ಸೇರಿದ್ದೂ ಅಲ್ಲ. ಇಡೀ ಕಲ್ಲು ನೀರು ಕುಡಿದು ಒಳಗಿಂದ ಬದಲಾಗಿದೆ. ನನ್ನ ಮಟ್ಟಿಗೆ ಪ್ರಶ್ನೆ ಅಲ್ಲಿಗೆ ಮುಗಿಯಿತು.

“ಸಾರ್, ಬೇಲೂರಿನ ಕಲ್ಲಲ್ಲೂ ಕ್ಲೋರೈಟ್ ಇದೆ ಅಂತ ಓದಿದ್ದೆ” ಅಂದಳು ಹುಡುಗಿ. ಇದೆ. ಬೇಲೂರು ಹಳೇಬೀಡಿನ ದೇವಸ್ಥಾನಗಳ ಬಳಪದ ಕಲ್ಲು ಉಗುರಿಗೆ ಹತ್ತಿರ ಹತ್ತಿರ ಮೆತ್ತಗಿರುವುದು ಕ್ಲೋರೈಟ್, ಟಾಲ್ಕ್ ಥರದ ನೀರು ಹಿಡಿದ ಖನಿಜಗಳಿಂದಲೇ. ಕಬ್ಬಿಣ, ಮೆಗ್ನೀಶಿಯಂ ತುಂಬಿದ ಗಟ್ಟಿ ಶಿಲೆ ನೆಲದಾಳದಲ್ಲಿ ನೀರು, ಕಾವು, ಒತ್ತಡಕ್ಕೆ ಸಿಕ್ಕಿ ಹಾಗಾಗುತ್ತದೆ. ಶಿಲಾಬಾಲಿಕೆಯರ ಬಳೆ, ಸರ, ಬೆರಳಿನ ಉಗುರು ಅಷ್ಟು ನಾಜೂಕಾಗಿ ಬಂದದ್ದಕ್ಕೆ ಶಿಲ್ಪಿಯ ಕೈ ಮೊದಲ ಕಾರಣ, ಆ ನೀರು ಎರಡನೆಯದು. ಚಂದ್ರನ ಯಾವ ಕಲ್ಲಲ್ಲೂ ಅದನ್ನು ಕೆತ್ತಲು ಬರುತ್ತಿರಲಿಲ್ಲ.

ಮುಂದಿನ ಭಾನುವಾರ ಹೊಂಡ ನೋಡಲು ಹೋದೆ. ಅದನ್ನು ಮೊದಲೇ ಮಾಡಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಕಲ್ಲಿನ ವಿಷಯದಲ್ಲಿ ಅದು ಸಿಕ್ಕ ಜಾಗದಷ್ಟು ಹೇಳುವ ಸಾಕ್ಷಿ ಇನ್ನೊಂದಿಲ್ಲ. ಮೇಲೆ ಮೂರು ಅಡಿ ಕೆಮ್ಮಣ್ಣು, ಅದರ ಕೆಳಗೆ ಪುಡಿಯಾಗುವ ಹಳದಿ ಕಲ್ಲು, ತಳದಲ್ಲಿ ಹಸಿರುಗಪ್ಪು ಬಂಡೆ. ನೀರು ಚಿಮುಕಿಸಿ ಕೈಯಲ್ಲಿ ಉಜ್ಜಿದೆ. ಅದೇ ಅಕ್ಕಿ ಕಾಳು, ಬಂಡೆಯ ಉದ್ದಕ್ಕೂ. ಜೆಸಿಬಿಯ ಹಲ್ಲು ಕಿತ್ತ ಗುರುತಿನ ಪಕ್ಕ ಗೌಡ್ರು ತಮ್ಮ ಕಲ್ಲು ಹಿಡಿದರು. ಬಣ್ಣ, ಕಾಳು, ಮೈ ಎಲ್ಲ ಒಂದೇ.

ಇದು ಬಾಬಾಬುಡನ್ ಬೆಟ್ಟದ ಶಿಲೆಗಳ ಕಾಲದ ಲಾವಾ. ಸುಮಾರು 290ರಿಂದ 270 ಕೋಟಿ ವರ್ಷದ ಹಿಂದೆ ಹರಿದದ್ದು. ಹತ್ತಿರದ ಕರ್ತಿಕೆರೆಯಲ್ಲಿ ಇದರ ಕೆಳಗೆ ಹಳೇ ಹೊಳೆಯ ಬೆಣಚು ಗುಂಡುಕಲ್ಲುಗಳ ಪದರ ಇದೆ. ಆಗಲೂ ಇಲ್ಲಿ ನೀರು ಹರಿಯುತ್ತಿತ್ತು. 2024ರ ಜೂನ್‌ನಲ್ಲಿ ಚೀನಾದ ಚಾಂಗ್‌-ಇ-6 ಚಂದ್ರನ ಆಚೆ ಮುಖದಿಂದ ಮೊದಲ ಸಲ ಮಣ್ಣು ತಂದಿತು. ಅದರಲ್ಲಿದ್ದ ಬಸಾಲ್ಟ್ ಚೂರುಗಳ ವಯಸ್ಸು ಸುಮಾರು 280 ಕೋಟಿ ವರ್ಷ. ಗೌಡ್ರ ತೋಟದಲ್ಲಿ ಲಾವಾ ಹರಿಯುತ್ತಿದ್ದ ಕಾಲಕ್ಕೇ ಚಂದ್ರನ ಬೆನ್ನ ಮೇಲೂ ಹರಿಯುತ್ತಿತ್ತು. ಇದನ್ನು ಹೇಳುವಾಗ ನನಗೇ ಮೈ ಜುಮ್ಮೆಂದಿತು. ಅಲ್ಲಿನದು ಹಾಗೇ ಉಳಿಯಿತು. ಇಲ್ಲಿನದರೊಳಗೆ ನೀರು ಹೊಕ್ಕಿತು.

60,000 ಉಳಿಯಿತು. ಮಧ್ಯವರ್ತಿಗೆ ಹುಡುಗಿಯೇ ಫೋನ್ ಮಾಡಿ ಎಲ್‌ಒಐ ಸಾಲಿನ ಬಗ್ಗೆ ಕೇಳಿದಳಂತೆ. ಆತ ಮತ್ತೆ ಫೋನ್ ಎತ್ತಲಿಲ್ಲ. ಇನ್ನು ಮುಂದೆ ಏನಾದರೂ ಆಕಾಶದಿಂದ ಬಿದ್ದದ್ದೇ ಅಂತ ಅನುಮಾನ ಬಂದರೆ ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾಕ್ಕೆ ತಿಳಿಸಿ, ನಮ್ಮ ದೇಶದಲ್ಲಿ ಉಲ್ಕೆಗಳನ್ನು ಪರೀಕ್ಷಿಸಿ ಕಾಪಾಡುವುದು ಅವರು, ಅಂತ ಬರೆದುಕೊಟ್ಟೆ.

ಹೊರಡುವಾಗ ಗೌಡ್ರು ಹೊಂಡದ ಅಂಚಲ್ಲಿ ನಿಂತು ತಳ ನೋಡುತ್ತಾ ಕೇಳಿದರು: “ಅಷ್ಟು ನೀರು ಕುಡಿದ ಬಂಡೆ ಅಂತೀರಲ್ಲ ಮೇಷ್ಟ್ರೇ, ಹಾಗಾದ್ರೆ ಈ ಹೊಂಡದಲ್ಲಿ ನೀರು ನಿಲ್ತದಾ?”

ಕೆಳಗಿಳಿದು ನೋಡಿದೆ. ಮೂಡಣ ಬದಿಯಲ್ಲಿ ಬೆರಳು ತೂರುವಷ್ಟು ಬಿರುಕು ಎರಡಿದ್ದವು. ನಿಲ್ಲಲ್ಲ, ಶೀಟ್ ಹಾಕಿಸಿ ಅಂದೆ.